ಸುಂಕಿನ ಕೆರೆತಕ್ಕೆ ನೀರಿನ ಮದ್ದೋ, ಎಣ್ಣೆಯ ಮದ್ದೋ?

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕಂಡ ಸಿಂಧನೂರು, ಮಾನ್ವಿ, ಗಂಗಾವತಿ ಸೀಮೆಯಲ್ಲಿ ಭತ್ತದ ರಾಶಿ ಎರಡು ಕಾಲದಲ್ಲಿ ಬರುತ್ತದೆ. ಮುಂಗಾರಿನ ಬೆಳೆ ನವೆಂಬರ್–ಡಿಸೆಂಬರಿನ ಥಂಡಿಯಲ್ಲಿ ಕೈಸೇರಿದರೆ, ಕಾಲುವೆಗೆ ನೀರು ಬಿಟ್ಟ ವರ್ಷಗಳಲ್ಲಿ ಎರಡನೆಯ ಬೆಳೆ ಏಪ್ರಿಲ್ ಬಿಸಿಲಿನಲ್ಲಿ ಕೊಯ್ಲಿಗೆ ಬರುತ್ತದೆ. ಕಟಾವಿಗೆ ಯಂತ್ರ ಬಂದು ಬಹಳ ಕಾಲವಾಗಿದ್ದರೂ ಕಾಳು ಒಣಗಿಸುವವರಿಗೆ, ಚೀಲ ತುಂಬುವವರಿಗೆ, ಲಾರಿಗೆ ಏರಿಸುವವರಿಗೆ ಸುಂಕು, ಎಂದರೆ ಭತ್ತದ ಹೊಟ್ಟಿನಿಂದ ಏಳುವ ಒರಟು ಧೂಳು, ಮೈಗೆ ಹತ್ತುವುದು ಮಾತ್ರ ತಪ್ಪಿಲ್ಲ. ಕುತ್ತಿಗೆ, ಮೊಣಕೈಯ ಒಳಮಡಿಕೆ, ಸೊಂಟದ ಸುತ್ತ ಕೆಂಪೇರಿ, ರಾತ್ರಿ ನಿದ್ದೆಗೆಡಿಸುವಷ್ಟು ಕೆರೆತವಾಗುತ್ತದೆ. ಇದಕ್ಕೆ ನಮ್ಮ ಮನೆಯಲ್ಲಿ ಬೇವಿನ ಕಷಾಯ, ಲೋಳೆಸರ, ಕರಕಿ–ಅರಿಶಿನದ ಎಣ್ಣೆ, ಹೊಂಗೆ ಎಣ್ಣೆ ಮತ್ತು ಜೇನುಮೇಣದ ಮುಲಾಮು, ಇಷ್ಟನ್ನೂ ಹಲವು ಸುಗ್ಗಿಗಳಲ್ಲಿ ಬಳಸಿ ನೋಡಿದ್ದೇವೆ. ಯಾವ ಸೊಪ್ಪು ಒಳ್ಳೆಯದು ಎಂದೇ ಎಲ್ಲರೂ ಕೇಳುತ್ತಾರೆ. ನಾನು ಕಂಡಂತೆ ಸೊಪ್ಪಿಗಿಂತ ಹೆಚ್ಚು ವ್ಯತ್ಯಾಸ ಮಾಡುವುದು ಅದರ ಸಾರವನ್ನು ನೀರಿಗೆ ಇಳಿಸಿದ್ದೇವೆಯೋ, ಎಣ್ಣೆಗೆ ಇಳಿಸಿದ್ದೇವೆಯೋ ಎಂಬುದೇ.

ಮದ್ದಿಗೆ ಮೊದಲು ಸುಂಕಿನ ವಿಚಾರವನ್ನು ಹೇಳಬೇಕು. ಭತ್ತದ ಹೊಟ್ಟನ್ನು ಸುಟ್ಟರೆ ಅದರ ತೂಕದ ಸುಮಾರು ಐದನೇ ಒಂದು ಭಾಗ ಬೂದಿ ಉಳಿಯುತ್ತದೆ, ಆ ಬೂದಿಯಲ್ಲಿ ಬಹುಪಾಲು ಸಿಲಿಕಾ, ಎಂದರೆ ಮರಳಿನಲ್ಲಿರುವ ಪದಾರ್ಥವೇ. ಹೊಟ್ಟಿನ ಮೇಲಿನ ಸಣ್ಣ ಒರಟು ರೋಮಗಳು ಚರ್ಮದ ಮೇಲ್ಪದರವನ್ನು ಗೀರುತ್ತವೆ, ಬೆವರು ಆ ಗೀರಿಗಿಳಿದು ಉರಿ ಹುಟ್ಟಿಸುತ್ತದೆ. ಆದ್ದರಿಂದ ಒಣ ಟವೆಲ್ಲಿನಿಂದ ಉಜ್ಜುವುದಾಗಲಿ, ಹೊಲದಿಂದ ಬಂದ ಮೈಗೆ ನೇರವಾಗಿ ಎಣ್ಣೆ ಸವರುವುದಾಗಲಿ ಸಲ್ಲದು, ಏಕೆಂದರೆ ಎಣ್ಣೆ ಸುಂಕನ್ನು ಮೈಗೇ ಅಂಟಿಸಿಬಿಡುತ್ತದೆ. ಮೊದಲು ತಣ್ಣೀರು ಸುರಿದುಕೊಂಡು ಸುಂಕನ್ನು ಇಳಿಸಿ, ಬಟ್ಟೆ ಬದಲಿಸಿ, ಆಮೇಲೆ ಮದ್ದಿನ ಮಾತು. ನಮ್ಮ ಕಡೆಯ ಬೋರ್‌ವೆಲ್ ನೀರು ಬಹಳ ಕಡೆ ಗಡಸು, ಸೋಪು ನೊರೆ ಕಟ್ಟುವುದಿಲ್ಲ. ನೊರೆಗಾಗಿ ಮತ್ತೆ ಮತ್ತೆ ಸೋಪು ತಿಕ್ಕಿದಷ್ಟೂ ಚರ್ಮ ಒಣಗುತ್ತದೆ. ಆರೋಗ್ಯವಂತ ಚರ್ಮ ತುಸು ಆಮ್ಲೀಯವಾಗಿದ್ದರೆ ಸಾಮಾನ್ಯ ಮೈಸೋಪು ಕ್ಷಾರೀಯ. ಕೆರೆತವಿದ್ದ ದಿನಗಳಲ್ಲಿ ಸೋಪಿನ ಬದಲು ಹೆಸರುಹಿಟ್ಟನ್ನು ನೀರಿನಲ್ಲಿ ಕಲಸಿ ಹಗುರವಾಗಿ ಸವರಿಕೊಳ್ಳುವುದು ವಾಸಿ.

ಬೇವಿನ ಕಷಾಯ ಮಾಡುವುದು ಎಲ್ಲಕ್ಕಿಂತ ಸುಲಭ, ಕಾಸೂ ಖರ್ಚಿಲ್ಲ. ಎರಡು ಹಿಡಿ ಹಸಿ ಎಲೆಯನ್ನು ತೊಳೆದು ಎರಡು ಲೀಟರ್ ನೀರಿನಲ್ಲಿ ಕಾಲು ಗಂಟೆ ಕುದಿಸಿ, ಮುಚ್ಚಿಟ್ಟು ಪೂರ್ತಿ ಆರಿಸಿ, ಸೋಸಿ, ಸ್ನಾನದ ಕೊನೆಯ ತಂಬಿಗೆಯಾಗಿ ಸುರಿದುಕೊಳ್ಳುವುದು. ಯುಗಾದಿಯ ಸ್ನಾನಕ್ಕೆ ಬೇವಿನೆಲೆ ಹಾಕುವ ಮನೆಗಳಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಏಪ್ರಿಲ್ ಸುಗ್ಗಿಯಲ್ಲಿ, ಸುಂಕಿನ ಜೊತೆ ಬೆವರುಸಾಲೆಯೂ ಎದ್ದಿರುವಾಗ, ಇದಕ್ಕೆ ಸಾಟಿಯಾದುದು ಇಲ್ಲ. ಮೈ ಹಗುರಾಗುತ್ತದೆ, ಜಿಡ್ಡಿಲ್ಲದ ಕಾರಣ ಬೆವರಿನ ರಂಧ್ರಗಳು ಕಟ್ಟಿಕೊಳ್ಳುವುದಿಲ್ಲ. ಅದೇ ಕಷಾಯವನ್ನು ಡಿಸೆಂಬರಿನಲ್ಲಿ ಬಳಸಿದರೆ ಮರುದಿನವೇ ಮೊಣಕಾಲು, ಮುಂಗೈ ಬೆಳ್ಳಗೆ ಬಿರಿದು ಬೇರೆ ಬಗೆಯ ಕೆರೆತ ಶುರುವಾಗುತ್ತದೆ. ಕಷಾಯ ಒಂದು ದಿನಕ್ಕಿಂತ ಹೆಚ್ಚು ಇಡಲು ಬರುವುದಿಲ್ಲ. ಬೇಸಿಗೆಯಲ್ಲಂತೂ ಸಂಜೆಯ ಹೊತ್ತಿಗೇ ಹಳಸಿದ ವಾಸನೆ ಬರುತ್ತದೆ.

ಲೋಳೆಸರ ಕೂಡ ನೀರಿನ ಪಂಗಡಕ್ಕೇ ಸೇರಿದ್ದು, ಏಕೆಂದರೆ ಅದರ ತಿರುಳಿನಲ್ಲಿ ನೂರಕ್ಕೆ ತೊಂಬತ್ತೆಂಟು ಪಾಲು ನೀರೇ ಇರುತ್ತದೆ. ಹಚ್ಚಿದೊಡನೆ ಸಿಗುವ ತಂಪಿನಲ್ಲಿ ಅದು ಬೇವನ್ನು ಮೀರಿಸುತ್ತದೆ. ಆದರೆ ಅದನ್ನು ಬಿಡಿಸುವುದರಲ್ಲಿ ಅನೇಕರು ಅವಸರ ಮಾಡುತ್ತಾರೆ. ಬುಡದ ದಪ್ಪ ಎಲೆಯನ್ನು ಕೊಯ್ದಾಗ ಸಿಪ್ಪೆಯ ಒಳಮೈಯಿಂದ ಹಳದಿ ರಸ ಜಿನುಗುತ್ತದೆ, ಅದರ ವಾಸನೆ ಕಹಿ, ಬೆರಳಿಗೆ ಅಂಟಿದರೆ ಕಂದುಗಟ್ಟುತ್ತದೆ. ಕೆರೆತವನ್ನು ಹೆಚ್ಚಿಸುವುದು ಆ ರಸವೇ. ಎಲೆಯ ಕೊಯ್ದ ತುದಿಯನ್ನು ಕೆಳಗೆ ಮಾಡಿ ಲೋಟದಲ್ಲಿ ಕಾಲು ಗಂಟೆ ನಿಲ್ಲಿಸಿ, ರಸವೆಲ್ಲ ಇಳಿದ ಮೇಲೆ ಮುಳ್ಳಿನ ಅಂಚು ತೆಗೆದು, ಸಿಪ್ಪೆ ಹೆರೆದು, ಗಾಜಿನಂತೆ ಕಾಣುವ ತಿರುಳನ್ನು ಮತ್ತೊಮ್ಮೆ ನೀರಿನಲ್ಲಿ ಜಾಲಾಡಿಸಿ ಬಳಸಬೇಕು. ಲೋಳೆಸರ ಒಗ್ಗದು ಎನ್ನುವವರಲ್ಲಿ ಕೆಲವರಿಗಾದರೂ ಒಗ್ಗದಿರುವುದು ಈ ಹಳದಿ ರಸ ಎಂಬುದು ನನ್ನ ಗುಮಾನಿ. ಅಂಗೈಯಗಲದ ಉರಿಗೆ ಇದು ಸರಿ. ಬೆನ್ನು, ತೊಡೆ ಎಲ್ಲ ಎದ್ದಿದ್ದರೆ ಎಲೆ ಸಾಲದು, ಆಗ ಬೇವಿನ ಕಷಾಯವೇ ಮೇಲು.

ಇನ್ನು ಎಣ್ಣೆಯ ಪಂಗಡ. ಕರಕಿ, ಎಂದರೆ ಗಣಪತಿಗೆ ಏರಿಸುವ ಗರಿಕೆ, ಅದನ್ನು ಅರಿಶಿನದೊಂದಿಗೆ ಅರೆದು ಕೊಬ್ಬರಿ ಎಣ್ಣೆಯಲ್ಲಿ ಕಾಯಿಸುವುದು ನಮ್ಮ ಚಿಗವ್ವನ ಕೈಚಳಕ. ಆಯುರ್ವೇದದಲ್ಲಿ ತೈಲ ಕಾಯಿಸಲು ಹೇಳುವ ಅಳತೆ ಅರೆದ ಮುದ್ದೆ ಒಂದು ಪಾಲು, ಎಣ್ಣೆ ನಾಲ್ಕು ಪಾಲು, ರಸ ಅಥವಾ ನೀರು ಹದಿನಾರು ಪಾಲು. ಮನೆಯ ಲೆಕ್ಕಕ್ಕೆ 50 ಗ್ರಾಂ ಮುದ್ದೆ, 200 ಗ್ರಾಂ ಎಣ್ಣೆ, 800 ಗ್ರಾಂ ಕರಕಿ ರಸ. ಅಷ್ಟು ರಸ ಹಿಂಡುವುದು ಕಷ್ಟವಾದ್ದರಿಂದ ನಾವು ಅರ್ಧ ರಸ, ಅರ್ಧ ನೀರು ಹಾಕುತ್ತೇವೆ. ಸಣ್ಣ ಉರಿಯಲ್ಲಿ ಆಗಾಗ ಕೈಯಾಡಿಸುತ್ತ ನೀರೆಲ್ಲ ಆರುವವರೆಗೆ ಕಾಯಿಸಬೇಕು. ಹದ ನೋಡಲು ತಳದ ಮುದ್ದೆಯನ್ನು ಚೂರು ತೆಗೆದು ಬತ್ತಿಯಂತೆ ಹೊಸೆದು ಬೆಂಕಿಗೆ ಹಿಡಿಯುತ್ತಾರೆ. “ಬತ್ತಿ ಚಟಪಟ ಅಂದ್ರ ಇನ್ನಾ ನೀರೈತಿ, ಇಳಸಬ್ಯಾಡ ನೋಡವ್ವ” ಎನ್ನುವುದು ಚಿಗವ್ವನ ಮಾತು. ಸದ್ದಿಲ್ಲದೆ ಉರಿದರೆ ಇಳಿಸಬಹುದು. ನೀರಿನ ಅಂಶ ಉಳಿದರೆ ಎಣ್ಣೆ ಬೂಸುರು ಹಿಡಿಯುತ್ತದೆ, ಪೂರ್ತಿ ಆರಿದ್ದರೆ ಒಣಗಿದ ಗಾಜಿನ ಸೀಸೆಯಲ್ಲಿ ತಿಂಗಳುಗಟ್ಟಲೆ ಕೆಡದೆ ನಿಲ್ಲುತ್ತದೆ.

ಡಿಸೆಂಬರ್ ಸುಗ್ಗಿಗೆ ಈ ಎಣ್ಣೆಯದೇ ಮೇಲುಗೈ. ಸ್ನಾನವಾಗಿ ಮೈ ಇನ್ನೂ ಹಸಿಯಿರುವಾಗಲೇ ತೆಳ್ಳಗೆ ಸವರಿಕೊಂಡರೆ ಚರ್ಮದ ತೇವ ಒಳಗೇ ಉಳಿದು ಬಿಗಿತ ಸಡಿಲುತ್ತದೆ, ರಾತ್ರಿಯ ಕೆರೆತ ಕಡಿಮೆಯಾಗುತ್ತದೆ. ಇದರಲ್ಲಿ ಕರಕಿಯ ಪಾಲೆಷ್ಟು, ಎಣ್ಣೆಯ ಪಾಲೆಷ್ಟು ಎಂದು ತಿಳಿಯಬೇಕೆನಿಸಿ, ಒಂದು ಕೈಗೆ ಕಾಯಿಸಿದ ಎಣ್ಣೆಯನ್ನೂ ಇನ್ನೊಂದು ಕೈಗೆ ಅದೇ ಡಬ್ಬಿಯ ಬರೀ ಕೊಬ್ಬರಿ ಎಣ್ಣೆಯನ್ನೂ ಹಚ್ಚುತ್ತ ಬಂದೆ. ಒಣಗಿದ ಚರ್ಮದ ಮಟ್ಟಿಗೆ ಎರಡಕ್ಕೂ ಹೆಚ್ಚಿನ ಅಂತರ ಕಾಣಲಿಲ್ಲ. ಕೆಂಪೇರಿದ ಕಡೆ ಕಾಯಿಸಿದ ಎಣ್ಣೆ ತುಸು ಬೇಗ ಆರಿಸಿದಂತೆ ಕಂಡಿತು. ಅರಿಶಿನದ ಹಳದಿ ಸತ್ವವಾದ ಕುರ್ಕ್ಯುಮಿನ್ ನೀರಿನಲ್ಲಿ ಕರಗದೆ ಜಿಡ್ಡಿನಲ್ಲಿ ಕರಗುವಂಥದ್ದು, ಹಾಗಾಗಿ ಅರಿಶಿನವನ್ನು ಎಣ್ಣೆಗೆ ಹಾಕುವುದರಲ್ಲಿ ಅರ್ಥವಿದೆ, ಬರೀ ನೀರಿಗೆ ಹಾಕಿದರೆ ಬಣ್ಣವಷ್ಟೇ. ಚಿಗವ್ವನಿಗೆ ಈ ಫಲಿತಾಂಶ ಒಪ್ಪಿಗೆಯಾಗಲಿಲ್ಲ. ಬಿಳಿ ಬಟ್ಟೆ ಉಡುವವರು, ಅರಿಶಿನ ಕುಂಕುಮ ತಾಗಿದಲ್ಲಿ ಗುಳ್ಳೆ ಏಳುವವರು ಬರೀ ಕೊಬ್ಬರಿ ಎಣ್ಣೆಯಲ್ಲೇ ತೃಪ್ತರಾಗಬಹುದು.

ಏಪ್ರಿಲಿನಲ್ಲಿ ಎಣ್ಣೆಯ ಕಥೆ ತಿರುಗುಮುರುಗು. ಬೆವರಿನ ನಾಳ ಕಟ್ಟಿಕೊಂಡು ಏಳುವ ಗುಳ್ಳೆಗಳ ಮೇಲೆ ಎಣ್ಣೆ ಬಳಿದರೆ ಇನ್ನಷ್ಟು ಕಟ್ಟಿ, ಸಂಜೆಗೆ ಗುಳ್ಳೆ ದುಪ್ಪಟ್ಟು. ನಲವತ್ತು ಡಿಗ್ರಿ ದಾಟುವ ರಾಯಚೂರಿನ ಬಿಸಿಲಿನಲ್ಲಿ ಎಷ್ಟು ಒಳ್ಳೆಯ ಸೊಪ್ಪು ಹಾಕಿದ ಎಣ್ಣೆಯಾದರೂ ಕಪಾಟಿನಲ್ಲಿರುವುದೇ ಲೇಸು.

ಹೊಂಗೆ ಎಣ್ಣೆಯ ಬಗ್ಗೆ ಹೆಚ್ಚು ಬರೆಯಲಾರೆ. ಹಳಬರು ಚರ್ಮದ ತೊಂದರೆಗಳಿಗೆ ಅದನ್ನೇ ನಂಬಿದ್ದರು, ಆದರೆ ಅದರ ಘಾಟು ಹಾಸಿಗೆಗೂ ಹತ್ತುತ್ತದೆ. ನನಗೆ ಕರಕಿ ಎಣ್ಣೆಗಿಂತ ಹೆಚ್ಚಿನ ಗುಣವೇನೂ ಕಾಣಲಿಲ್ಲ.

ಜೇನುಮೇಣದ ಮುಲಾಮು ನಮ್ಮ ಮನೆಗೆ ಹೊಸದು. ಕರಕಿ ಎಣ್ಣೆ ಐದು ಪಾಲು, ಮೇಣ ಒಂದು ಪಾಲು ತೂಗಿ, ಬಿಸಿನೀರಿನ ಪಾತ್ರೆಯೊಳಗೆ ಬಟ್ಟಲಿಟ್ಟು ಕರಗಿಸಿ, ಡಬ್ಬಿಗೆ ಸುರಿದರೆ ಆಯಿತು. ಮೇಣ ಕರಗಲು 62ರಿಂದ 64 ಡಿಗ್ರಿ ಬೇಕು, ಒಲೆಯ ಮೇಲೆ ನೇರವಾಗಿ ಇಡಬಾರದು. ಬೇಸಿಗೆಗೆ ಉಳಿಸಿಕೊಳ್ಳುವುದಾದರೆ ಎಣ್ಣೆಯನ್ನು ನಾಲ್ಕು ಪಾಲಿಗೆ ಇಳಿಸಬೇಕು, ಇಲ್ಲದಿದ್ದರೆ ತಗಡಿನ ಮನೆಯಲ್ಲಿ ಡಬ್ಬಿ ತೆರೆದಾಗ ಎಣ್ಣೆಯೇ ಓಲಾಡುತ್ತಿರುತ್ತದೆ. ಕೈಬೆರಳ ಸಂದಿ, ಒಡೆದ ಹಿಮ್ಮಡಿ, ಚೀಲದ ಹಗ್ಗ ಉಜ್ಜಿದ ಜಾಗ, ಇಂಥ ಕಡೆ ಎಣ್ಣೆ ನಿಲ್ಲದು, ಮುಲಾಮು ನಿಲ್ಲುತ್ತದೆ. ಇಡೀ ಮೈಗೆ ಅದು ದುಬಾರಿ ಮತ್ತು ಅಂಟು. ತಂಪಿಗೆಂದು ಕೆಲವರು ಇದಕ್ಕೆ ಕರ್ಪೂರ ಸೇರಿಸುತ್ತಾರೆ. ಕರ್ಪೂರ ಮಕ್ಕಳ ಹೊಟ್ಟೆಗೆ ಸ್ವಲ್ಪ ಹೋದರೂ ಫಿಟ್ಸ್ ಬರಬಹುದಾದ್ದರಿಂದ ಕೂಸಿರುವ ನಮ್ಮ ಮನೆಯ ಡಬ್ಬಿಗೆ ಅದನ್ನು ಹಾಕುವುದಿಲ್ಲ.

ಪಟ್ಟಣದವರು ಈಗ ಮುಲಾಮಿಗೆ ಚೆಂಡುಹೂವನ್ನು ಹೋಲುವ ಕ್ಯಾಲೆಂಡುಲಾ, ಕ್ಯಾಮೊಮೈಲ್ ಹೂಗಳನ್ನು ತರಿಸಿ ಹಾಕುತ್ತಾರೆ. ನಮ್ಮ ಹೊಲದ ಬದುಗಳ ತುಂಬ ಕಾಂಗ್ರೆಸ್ ಹುಲ್ಲಿದೆ, ಅದು ಕೂಡ ಇದೇ ಸೂರ್ಯಕಾಂತಿ ಕುಟುಂಬದ ಗಿಡ. ಕಾಂಗ್ರೆಸ್ ಹುಲ್ಲು ತಾಗಿ ಮುಖ, ಕಣ್ಣೆವೆ, ಕುತ್ತಿಗೆ ದಪ್ಪಗಟ್ಟುವ ಅಲರ್ಜಿಯಿರುವ ಕೆಲವರಿಗೆ ಈ ಹೂಗಳೂ ತಾಗುತ್ತವೆ. ಹೊಲದಲ್ಲಿ ದುಡಿಯುವವರಿಗೆ ಆ ಮುಲಾಮನ್ನು ನಾನು ಶಿಫಾರಸು ಮಾಡಲಾರೆ. ಯಾವ ಮದ್ದನ್ನಾದರೂ ಮೊಣಕೈಯ ಒಳಬದಿಗೆ ಚೂರು ಹಚ್ಚಿ ಎರಡು ದಿನ ಕಾದು ನೋಡುವುದು ಕ್ಷೇಮ.

ಇಷ್ಟೆಲ್ಲ ಸುಂಕಿನ ಕೆರೆತ, ಬೆವರುಸಾಲೆ, ಚಳಿಯ ಒಣಚರ್ಮಗಳ ಮಟ್ಟಿಗೆ ಮಾತ್ರ. ಅಂಚು ಕೆಂಪಾಗಿ ನಡು ತಿಳಿಯಾಗುತ್ತ ಉಂಗುರದಂತೆ ಹರಡಿದರೆ ಅದು ಗಜಕರ್ಣ, ಶಿಲೀಂಧ್ರದ ಕೆಲಸ. ಅದಕ್ಕೆ ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಿದರೆ ಮೊದಲು ಇಳಿದಂತಾಗಿ ಮತ್ತೆ ಹಬ್ಬುತ್ತದೆ, ವೈದ್ಯರು ಬರೆದುಕೊಟ್ಟ ಔಷಧವನ್ನು ಹೇಳಿದಷ್ಟು ದಿನ ಬಿಡದೆ ಹಚ್ಚಬೇಕು. ಬೆರಳ ಸಂದಿಯಲ್ಲಿ ಗುಳ್ಳೆಯೆದ್ದು, ರಾತ್ರಿ ಹೆಚ್ಚು ಕೆರೆದು, ಮನೆಯಲ್ಲಿ ಒಬ್ಬರಾದ ಮೇಲೊಬ್ಬರಿಗೆ ಬಂದರೆ ಅದು ಚರ್ಮದೊಳಗೆ ಬಿಲ ಕೊರೆಯುವ ನುಸಿಯಿಂದಾದ ಕಜ್ಜಿ. ಅದಕ್ಕೆ ಬೇವೂ ಸಾಲದು, ಕರಕಿಯೂ ಸಾಲದು. ವೈದ್ಯರು ಕೊಟ್ಟ ಔಷಧವನ್ನು ಕೆರೆತ ಇಲ್ಲದವರೂ ಸೇರಿ ಮನೆಮಂದಿಯೆಲ್ಲ ಒಂದೇ ದಿನ ಹಚ್ಚಿಕೊಂಡು, ಹಾಸಿಗೆ ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು.