ಈಕೋ ಕ್ಯಾಂಪರಿನ ಡಿಕ್ಕಿಗೆ ಡ್ರಾವರ್ ಪೆಟ್ಟಿಗೆ: ಎರಡು ಮಳೆಗಾಲ ದಾಟಿದ ಮೇಲೆ

ಐದು ಸೀಟಿನ ಮಾರುತಿ ಈಕೋ ಉದ್ದ 3,675 ಎಂಎಂ, ಅಗಲ 1,475 ಎಂಎಂ. ಇದನ್ನೇ ಕ್ಯಾಂಪರ್, ಅಂದರೆ ತಿರುಗಾಟದ ಮನೆ ಮಾಡಿಕೊಂಡರೆ ಇದರೊಳಗೇ ಮಲಗಬೇಕು, ಇದರೊಳಗೇ ಅಡುಗೆ ಸಾಮಾನೂ ಹಿಡಿಸಬೇಕು. ಬೆಳಗಾವಿಯ ಉದ್ಯಮಬಾಗದ ಕಡೆ ಅಳತೆ ಕೊಟ್ಟು ಮಾಡಿಸಿದ ಈ ಪೆಟ್ಟಿಗೆ ಡಿಕ್ಕಿಯಲ್ಲಿ ಕೂರುತ್ತದೆ. ಮೇಲಿನ ಹಲಗೆ ಮುಂದಕ್ಕೆ ಬಿಚ್ಚಿಕೊಂಡು ಹಾಸಿಗೆಯಾಗುತ್ತದೆ. ಸೀಟು ಕಿತ್ತಿಲ್ಲ. ಆರ್‌ಸಿಯಲ್ಲಿ ಸೀಟಿನ ಲೆಕ್ಕ ಬರೆದಿರುತ್ತದೆ, ಅದಕ್ಕೆ ಹೊಂದದಂತೆ ಗಾಡಿ ಬದಲಾಯಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಒಪ್ಪುವುದಿಲ್ಲ. ಬೋಲ್ಟ್ ಬಿಚ್ಚಿದರೆ ಇಬ್ಬರು ಎತ್ತಿ ಕೆಳಗಿಳಿಸುವಂತಿರಲಿ.

ಅಳತೆ: ಅಗಲ 42 ಇಂಚು, ಆಳ 30 ಇಂಚು, ಎತ್ತರ 12 ಇಂಚು. ಎಡಕ್ಕೆ ಡ್ರಾವರ್, ಬಲಕ್ಕೆ ಮೇಲಿನಿಂದ ತೆರೆಯುವ ಮುಚ್ಚಳದ ಖಾನೆ. ಎರಡೂ ಕಡೆ ಡ್ರಾವರೇ ಇರಲಿ ಅಂತ ಎಲ್ಲರಿಗೂ ಮೊದಲು ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡಿ. ಪ್ರತಿ ಖಾನೆಯ ಒಳ ಅಗಲ 515 ಎಂಎಂ. ಡ್ರಾವರ್ ಜಾರುವ ಕಬ್ಬಿಣದ ಹಳಿ, ಅಂದರೆ ಚಾನೆಲ್, ಒಂದೊಂದು ಬದಿಗೆ ಅರ್ಧ ಇಂಚು ತಿನ್ನುತ್ತದೆ, ಡ್ರಾವರಿನ ಎರಡು ಗೋಡೆಗೆ 24 ಎಂಎಂ ಹೋಗುತ್ತದೆ, ಉಳಿಯುವುದು 466. ಮೇಲೆ ಕೆಳಗೆ ಸಂದು ಬಿಡಬೇಕು, 24 ಇಂಚಿನ ಚಾನೆಲ್ ಹಾಕಿದರೆ ಅದಕ್ಕಿಂತ ಉದ್ದ ಡ್ರಾವರ್ ಬರುವುದಿಲ್ಲ. ಕೊನೆಗೆ ಡ್ರಾವರಿನಲ್ಲಿ ಹಿಡಿಸುವುದು ಸುಮಾರು 68 ಲೀಟರ್. ಅಷ್ಟೇ ಜಾಗದ ಮುಚ್ಚಳದ ಖಾನೆಯಲ್ಲಿ 107 ಲೀಟರ್! ಡ್ರಾವರಿನ ಹಿಂದೆ ಉಳಿದ 14 ಸೆಂ.ಮೀ. ಸಂದಿಗೆ ಮೇಲಿನಿಂದ ಸಣ್ಣ ಮುಚ್ಚಳ ಕೊಯ್ಸಿಕೊಂಡರೆ ಜಾಕ್, ಹಗ್ಗ, ಜಂಪರ್ ಕೇಬಲ್ ಅಲ್ಲಿ ಹೋಗುತ್ತವೆ. ದಿನಕ್ಕೆ ಹತ್ತು ಸಲ ಬೇಕಾಗುವ ಸ್ಟೋವ್, ಪಾತ್ರೆ, ಚಹಾದ ಡಬ್ಬಿಗೆ ಮಾತ್ರ ಡ್ರಾವರ್ ಸಾಕು.

ಪ್ಲೈವುಡ್ ವಿಷಯದಲ್ಲಿ ಬಡಗಿಯ ಮಾತು ಪೂರ್ತಿ ಕೇಳಬೇಡಿ. ಕಪಾಟು ಮಾಡಿ ರೂಢಿಯಾದ ಕೈ, 18 ಎಂಎಂ ಹಾಕೋಣ ಅನ್ನುತ್ತದೆ. 12 ಎಂಎಂನ 8×4 ಹಾಳೆಯೇ 22ರಿಂದ 25 ಕೆ.ಜಿ. ತೂಗುತ್ತದೆ, 18 ಅಂದರೆ ಅದರ ಒಂದೂವರೆ ಪಟ್ಟು. ಈ ಪೆಟ್ಟಿಗೆಗೆ ಒಂದು ಹಾಳೆ ತುಸು ಕಡಿಮೆ ಬೀಳುತ್ತದೆ. ಚಾನೆಲ್, ಕಬ್ಜಾ, ಬೋಲ್ಟ್ ಎಲ್ಲ ಸೇರಿ 30 ಕೆ.ಜಿ. ಆಸುಪಾಸು. ದರ್ಜೆ ಮಾತ್ರ ನೀರು ತಡೆಯುವ ಐಎಸ್ 710 ಮರೀನ್ ಇರಲಿ, ಹಾಳೆಯ ಮೇಲಿನ ಮುದ್ರೆ ಓದಿಯೇ ಕೊಯ್ಸಿ.

ಹಾಳೆ ಎಷ್ಟೇ ಒಳ್ಳೆಯದಿದ್ದರೂ ನೀರು ಹೊಗುವುದು ಕೊಯ್ದ ಅಂಚಿನಿಂದ. ಈ ಪೆಟ್ಟಿಗೆಯ ಮೇಲ್ಮೈಗೆ ಚಂದದ ಸನ್ಮೈಕಾ ಬಂತು, ಕೆಳಗಿನ ಅಂಚು ಬೋಳಾಗಿಯೇ ಉಳಿಯಿತು. ಖಾನಾಪುರ, ಜಾಂಬೋಟಿ ಕಡೆಯ ಜಿಟಿಜಿಟಿ ಮಳೆಯಲ್ಲಿ ಒದ್ದೆ ಚಪ್ಪಲಿ, ಒದ್ದೆ ಟಾರ್ಪಾಲು ಒಳಗೆ ಬಂದು ಮೊದಲ ಮಳೆಗಾಲದಲ್ಲೇ ಆ ಅಂಚು ಉಬ್ಬಿತು, ಡ್ರಾವರ್ ತಳಕ್ಕೆ ಉಜ್ಜತೊಡಗಿತು. ಉಜ್ಜುಕಾಗದ ಹೊಡೆದು, ಎರಡು ಕೈ ಆಯಿಲ್ ಪೇಂಟ್ ಕುಡಿಸಿ, ಪೆಟ್ಟಿಗೆಯ ಕೆಳಗೆ 10 ಎಂಎಂ ರಬ್ಬರ್ ಪಟ್ಟಿ ಕೊಟ್ಟು ಗಾಳಿಯಾಡುವಂತೆ ಮಾಡಿದ ಮೇಲೆ ಎರಡನೇ ಮಳೆಗಾಲ ಸುಮ್ಮನೆ ಕಳೆಯಿತು. ಪೆಟ್ಟಿಗೆಯ ಕೆಳಗೆ ಕಾರ್ಪೆಟ್ ಮಾತ್ರ ಬೇಡ, ಬೂಸು ಹಿಡಿಯುತ್ತದೆ.

ಮೂಲೆಗಳಲ್ಲಿ ಪ್ಲೈ ಅಂಚಿಗೆ ನೇರ ಹೊಡೆದ ಸ್ಕ್ರೂ ನಿಲ್ಲುವುದಿಲ್ಲ. ಅಂಚಿನಲ್ಲಿ ಹಿಡಿತ ಕಡಿಮೆ, ಗಾಡಿ ನಡುಗಿದಂತೆ ತೂತು ದೊಡ್ಡದಾಗುತ್ತದೆ. ಉದ್ದಕ್ಕೂ 25 ಎಂಎಂ ಅಲ್ಯೂಮಿನಿಯಂ ಆ್ಯಂಗಲ್ ಕೊಟ್ಟು ಎಂ5 (5 ಎಂಎಂ ದಪ್ಪದ) ಬೋಲ್ಟು, ನಡುಕಕ್ಕೆ ಸಡಿಲಾಗದ ನೈಲಾಕ್ ನಟ್ಟು ಹಾಕಬೇಕು. ನೆಲಕ್ಕೆ ಬಿಗಿಯಲು ನಾಲ್ಕು ಎಂ8 ಬೋಲ್ಟ್, ಕೆಳಗಿಂದ ಅಗಲದ ವಾಶರ್. ತೂತು ಹೊಡೆಯುವ ಮೊದಲು ಗಾಡಿಯ ಅಡಿ ಹೊಕ್ಕು ಪೆಟ್ರೋಲ್ ಪೈಪು, ಬ್ರೇಕ್ ಪೈಪು ಎಲ್ಲಿವೆ ನೋಡಿಕೊಳ್ಳಿ. ತೂತಿನ ಅಂಚಿಗೆ ರೆಡ್ ಆಕ್ಸೈಡ್ ಹಚ್ಚದಿದ್ದರೆ ತುಕ್ಕು ಅಲ್ಲಿಂದಲೇ ಶುರು.

ಕೈಕೊಟ್ಟದ್ದು ಹೆಚ್ಚಾಗಿ ಚಿಲಕ. ಮಾಡಿಕೊಟ್ಟವರು ಹಾಕಿದ್ದು ಕಪಾಟಿನ ಮ್ಯಾಗ್ನೆಟ್. ಚೋರ್ಲಾ ಘಾಟಿನ ಏರಿನಲ್ಲಿ 20 ಕೆ.ಜಿ. ತುಂಬಿದ ಡ್ರಾವರನ್ನು ಅದು ಹಿಡಿಯುವ ಮಾತೇ ಇಲ್ಲ. ಡ್ರಾವರ್ ಜಾರಿ ಡಿಕ್ಕಿ ಬಾಗಿಲಿಗೆ ಒರಗಿರುತ್ತದೆ, ಬಾಗಿಲು ಎತ್ತಿದ ಕೂಡಲೇ ಸೀದಾ ಮೊಣಕಾಲಿಗೆ ಬರುತ್ತದೆ. ಈಗಿರುವುದು 4 ಇಂಚಿನ ಟವರ್ ಬೋಲ್ಟ್, ಅಂದರೆ ಬಾಗಿಲಿಗೆ ಹಾಕುವ ಸರಳಿನ ಚಿಲಕ, ನಿಲುವಾಗಿ ಕೂರಿಸಿದ್ದು, ತಳದ ತೂತಿಗೆ ಇಳಿಯುತ್ತದೆ. ಖಟಖಟ ಸದ್ದು ನಿಲ್ಲಿಸಲು ಸೈಕಲ್ ಟ್ಯೂಬಿನ ತುಂಡು ತೂತಿನೊಳಗೆ ಸುತ್ತಿದರೆ ಆಯಿತು.

ಆಮೇಲೆ ಧೂಳು. ವಿಜಯಪುರದ ಎರೆಮಣ್ಣಿನ ಹೊಲದ ದಾರಿಯಿರಲಿ, ಬಾಗಲಕೋಟೆಯ ಸುಣ್ಣದಕಲ್ಲಿನ ಕಡೆಯಿರಲಿ, ಚಾನೆಲ್ಲಿಗೆ ಗ್ರೀಸ್ ಹಚ್ಚಿದ್ದರೆ ವಾರದಲ್ಲಿ ಅದು ಅರೆಯುವ ಪುಡಿಯಾಗುತ್ತದೆ. ಸೀಮೆಎಣ್ಣೆ ಬಟ್ಟೆಯಲ್ಲಿ ಗ್ರೀಸ್ ಪೂರ್ತಿ ಒರೆಸಿ, ಒಣಗಿಸಿ, ಸಿಲಿಕಾನ್ ಸ್ಪ್ರೇ ಹೊಡೆದರೆ ಸಾಕು. ಅಷ್ಟಾದರೂ ಧೂಳು ಬಂದರೆ ಡಿಕ್ಕಿ ಬಾಗಿಲಿನ ರಬ್ಬರ್ ನೋಡಿ: ಕಾಗದದ ಪಟ್ಟಿ ಇಟ್ಟು ಬಾಗಿಲು ಹಾಕಿ ಎಳೆಯಿರಿ, ಸಲೀಸಾಗಿ ಹೊರಬಂದ ಕಡೆ ರಬ್ಬರ್ ಸತ್ತಿದೆ.

ಚಾವಣಿಗೆ ಕಟ್ಟಿದ ಬಲೆ ಅಗ್ಗದ ಮಾಲು, ಉಪಯೋಗ ಮಾತ್ರ ದೊಡ್ಡದು. ಹೊದಿಕೆ, ಬಟ್ಟೆ, ಮುಖ್ಯವಾಗಿ ರೊಟ್ಟಿ! ಖಡಕ್ ರೊಟ್ಟಿ ಡ್ರಾವರಿನಲ್ಲಿಟ್ಟರೆ ಬಾದಾಮಿ ಮುಟ್ಟುವಷ್ಟರಲ್ಲಿ ಶೇಂಗಾ ಚಟ್ನಿಯ ಜೊತೆ ಅದೂ ಪುಡಿ. ಬಟ್ಟೆಯಲ್ಲಿ ಸುತ್ತಿ ಬಲೆಯಲ್ಲಿ ಮಲಗಿಸಿದರೆ ಇಡಿಯಾಗಿ ಉಳಿಯುತ್ತದೆ. ಬಲೆಗೆ ಅಂಟಿಸುವ ಕೊಕ್ಕೆ ಬೇಡ. ಬೆಳಗಾವಿಯ ತಂಪಿನಲ್ಲಿ ಗಟ್ಟಿ ನಿಂತದ್ದು ಮೇ ತಿಂಗಳ ವಿಜಯಪುರದ ಬಿಸಿಲಿಗೆ ಅಂಟು ಮೆತ್ತಗಾಗಿ ಉದುರುತ್ತದೆ. ಸ್ಕ್ರೂ ಹೊಡೆಯುವ ಕೊಕ್ಕೆಯೇ ಸರಿ.

ಭಾರದ ಸಾಮಾನು ಸೀಟಿನ ಬೆನ್ನಿಗೆ ಒತ್ತಿ ಇಡಿ. 20 ಲೀಟರ್ ನೀರಿನ ಕ್ಯಾನ್ ಡಿಕ್ಕಿ ಬಾಗಿಲ ಹತ್ತಿರ ಕೂತರೆ ಹಿಂದಿನ ಅಚ್ಚಿನ ಆಚೆ ಭಾರ ಬಿದ್ದು ಸ್ಟಿಯರಿಂಗ್ ಹಗುರಾಗುತ್ತದೆ. 5 ಕೆ.ಜಿ. ಗ್ಯಾಸ್ ಸಿಲಿಂಡರನ್ನು ಮುಚ್ಚಳದ ಖಾನೆಗೆ ಸೇರಿಸಲೇಬೇಡಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದ್ದು ಖಾನೆಯ ತಳದಲ್ಲೇ ತುಂಬಿಕೊಳ್ಳುತ್ತದೆ.

ಇನ್ನೂ ಸರಿಯಾಗದ ದೂರು ಒಂದಿದೆ: ಮುಚ್ಚಳ ತೆರೆಯಲು ಪ್ರತಿ ಸಲ ಇಡೀ ಹಾಸಿಗೆ ಎತ್ತಬೇಕು. ಹೊಸದಾಗಿ ಮಾಡಿಸುವವರು ಮುಚ್ಚಳವನ್ನು ಎರಡು ತುಂಡು ಮಾಡಿಸಿ, ಫೋಮ್ ಅಂಗಡಿಯಲ್ಲಿ ಹಾಸಿಗೆಯನ್ನೂ ಅದೇ ಗೆರೆಗೆ ಕೊಯ್ಸಿಕೊಳ್ಳಿ.