ಪತ್ತಿನ ಸಂಘದ ಜಾಮೀನು ಪತ್ರ: ಸೈನು ಒಂದು, ಸಾಲ ಪೂರ್ತಿ

ಹಾಸನದ ಪತ್ತಿನ ಸಹಕಾರ ಸಂಘವೊಂದು ಸಾಲದ ಅರ್ಜಿಯ ಜೊತೆ ಕೊಡುವ ಜಾಮೀನು ಪತ್ರದ ವಿಮರ್ಶೆ ಇದು. ಅರ್ಜಿ ಸರಳ, ಕೌಂಟರಿನಲ್ಲಿ ಮಾತು ಮೆದು. ತಕರಾರು ಇರುವುದು ಪತ್ರದ ಸಣ್ಣಕ್ಷರದಲ್ಲಿ.

ಎಡವಟ್ಟು ಪದದಿಂದಲೇ ಶುರು. ಪೊಲೀಸ್ ಕೇಸಿನಲ್ಲಿ ಕೊಡುವುದೂ ಜಾಮೀನು, ಸಾಲಕ್ಕೆ ನಿಲ್ಲುವುದೂ ಜಾಮೀನು. ಹಾಗಾಗಿ 'ಮನುಷ್ಯ ಒಳ್ಳೆಯವನು ಅಂತ ಒಂದು ಸೈನು' ಎಂದುಕೊಂಡೇ ಅನೇಕರು ಶೂರಿಟಿ ಹಾಕುತ್ತಾರೆ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಂ ಹೇಳುವುದೇ ಬೇರೆ: ಪತ್ರದಲ್ಲಿ ಮಿತಿ ಬರೆಯದಿದ್ದರೆ ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನದ್ದೂ ಅಷ್ಟೇ. ಅಸಲು, ಬಡ್ಡಿ, ಕಂತು ತಪ್ಪಿದ್ದಕ್ಕೆ ಬೀಳುವ ಸುಸ್ತಿ ಬಡ್ಡಿ ಎಲ್ಲವೂ ಸೇರಿ. 'ಮೊದಲು ಅವನನ್ನು ಹಿಡಿಯಿರಿ, ಆಮೇಲೆ ನನ್ನ ಹತ್ತಿರ ಬನ್ನಿ' ಎನ್ನುವ ವಾದವನ್ನು ಬ್ಯಾಂಕ್ ಆಫ್ ಬಿಹಾರ್ ಮತ್ತು ದಾಮೋದರ್ ಪ್ರಸಾದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ.

ಇಬ್ಬರು ಜಾಮೀನುದಾರರಿದ್ದರೆ ಅರ್ಧರ್ಧ ಎಂಬ ಲೆಕ್ಕವೂ ಸಂಘದ ಮುಂದೆ ನಡೆಯದು. 3 ಲಕ್ಷ ಬಾಕಿ ಇದ್ದರೆ, ಸಂಬಳ ಸರಿಯಾಗಿ ಬರುವ ಒಬ್ಬನಿಂದಲೇ ಪೂರ್ತಿ ವಸೂಲು ಮಾಡಬಹುದು. ಹಾಗೆ ಕಟ್ಟಿದವನು 146ನೇ ಕಲಂನಡಿ ಇನ್ನೊಬ್ಬನಿಂದ ಒಂದೂವರೆ ಲಕ್ಷ ಕೇಳಬಹುದು. 145ರಡಿ ಸಾಲಗಾರನಿಂದ, ತಾನು ನ್ಯಾಯವಾಗಿ ಕಟ್ಟಿದ್ದಷ್ಟನ್ನೂ ಕೇಳಬಹುದು. ಆದರೆ ಅದಕ್ಕೆ ಓಡಾಡುವುದು, ಬೇಕಾದರೆ ದಾವೆ ಹೂಡುವುದು, ಅವನದೇ ತಲೆನೋವು.

ಪತ್ರದ ನಿಜವಾದ ಮುಳ್ಳು 'ಅವಧಿ, ಕಂತು, ಬಡ್ಡಿ ಬದಲಿಸಲು ನನ್ನ ಮುಂಗಡ ಒಪ್ಪಿಗೆಯಿದೆ' ಎಂಬ ಸಾಲು. 133ನೇ ಕಲಂ ಪ್ರಕಾರ ಜಾಮೀನುದಾರನ ಒಪ್ಪಿಗೆಯಿಲ್ಲದೆ ಸಾಲದ ಷರತ್ತು ಬದಲಿಸಿದರೆ ಮುಂದಿನ ವ್ಯವಹಾರಗಳ ಹೊಣೆಯಿಂದ ಅವನು ಬಿಡುಗಡೆ. 135ರ ಪ್ರಕಾರ ಸಾಲಗಾರನಿಗೆ ಹೆಚ್ಚು ಸಮಯ ಕೊಡುವ ಒಪ್ಪಂದ ಮಾಡಿಕೊಂಡರೂ ಬಿಡುಗಡೆ. ಆ ಒಂದು ಸಾಲು ಎರಡು ರಕ್ಷಣೆಗಳನ್ನೂ ಕಿತ್ತುಕೊಳ್ಳುತ್ತದೆ. ಸಕಲೇಶಪುರದ ಕಡೆ ಮಳೆಗೆ ಕಾಫಿ ಉದುರಿದ ವರ್ಷ ಸಾಲದ ಗಡುವು ಮುಂದೆ ಹೋಗುವುದು ಹೊಸತೇನಲ್ಲ. ಬಡ್ಡಿ ಬೆಳೆಯುತ್ತಿರುವುದು ಜಾಮೀನುದಾರನಿಗೆ ಗೊತ್ತೇ ಇರುವುದಿಲ್ಲ. ಆದರೆ ಸಂಘ ದಾವೆ ಹೂಡದೆ ಸುಮ್ಮನೆ ಕಾದಷ್ಟಕ್ಕೇ ಜಾಮೀನುದಾರನಿಗೆ ಬಿಡುಗಡೆ ಸಿಗದು, ಅದು 137ನೇ ಕಲಂ.

ಇನ್ನೊಂದು, 'ಮುಂದುವರಿಯುವ ಜಾಮೀನು' ಎಂಬ ಪದ. ಮಿತಿಯೊಳಗೆ ಬೇಕಾದಾಗ ಸಾಲ ತೆಗೆಯುವ ಓವರ್‌ಡ್ರಾಫ್ಟ್ (ಓ.ಡಿ.) ಖಾತೆಗೆ ಹೀಗೆ ನಿಂತರೆ ಮುಂದೆ ತೆಗೆಯುವ ಹಣಕ್ಕೂ ಹೊಣೆ. ನೋಟಿಸ್ ಕೊಟ್ಟು ಹಿಂದೆ ಸರಿಯಬಹುದು, ಅದೂ ಮುಂದಿನ ವ್ಯವಹಾರಕ್ಕಷ್ಟೇ. ಪೂರ್ತಿ ಒಮ್ಮೆಗೇ ಬಟವಾಡೆಯಾಗಿ ಕಂತಿನಲ್ಲಿ ತೀರುವ ಅವಧಿ ಸಾಲಕ್ಕೆ ಆ ನೋಟಿಸ್ ಪ್ರಯೋಜನವಿಲ್ಲ.

ಬಾಕಿ ಬಿದ್ದರೆ ವ್ಯಾಜ್ಯ ಸಿವಿಲ್ ಕೋರ್ಟಿಗಲ್ಲ, 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಂನಡಿ ಸಹಕಾರ ಇಲಾಖೆಯ ಮುಂದೆ ಹೋಗುತ್ತದೆ.

ಸಹಿಗೆ ಮುಂಚೆ ಖಾಲಿ ಜಾಗ ಬಿಡಬೇಡಿ; ಮೊತ್ತವನ್ನು ಅಂಕಿ, ಅಕ್ಷರ ಎರಡರಲ್ಲೂ ತುಂಬಿಸಿ, 'ಬಡ್ಡಿ ಸೇರಿ ಇಷ್ಟಕ್ಕೆ ಮೀರದಂತೆ' ಎಂಬ ಮಾತು ಸೇರಿಸಲು ಕೇಳಿ. ಮುಂಗಡ ಒಪ್ಪಿಗೆಯ ಸಾಲು ಹೊಡೆಸಲು ಸಂಘ ಒಪ್ಪದಿದ್ದರೆ, ಪ್ರತಿ ಬದಲಾವಣೆಯನ್ನೂ ಲಿಖಿತವಾಗಿ ತಿಳಿಸುವಂತೆ ಬರೆಸಿ. ಪ್ರತಿ ಪುಟದ ನಕಲು ಪಡೆಯಿರಿ. ಈ ಸಂಘ ಕೇಳಿದವರಿಗೆ ನಕಲು ಕೊಡುತ್ತದೆ, ತಾನಾಗಿ ಕೊಡುವುದಿಲ್ಲ. ಸಾಲ ತೀರಿದ ದಿನ, ಬಾಕಿ ಇಲ್ಲ ಎನ್ನುವ ಬೇಬಾಕಿ ಪತ್ರವನ್ನು ಜಾಮೀನುದಾರನ ಹೆಸರಿಗೂ ಒಂದು ಬರೆಸಿಕೊಳ್ಳಿ.