ಸೌದಿಯ ಫ್ಲ್ಯಾಟಿನಲ್ಲಿ ಊರಿನ ವೆಟ್ ಗ್ರೈಂಡರ್: ವರ್ಷಗಟ್ಟಲೆ ಬಳಸಿದ ಮೇಲೆ ಬರೆದದ್ದು

2022ರ ರಜೆಯಲ್ಲಿ ಮಂಗಳೂರಿನಿಂದ ಜುಬೈಲ್‌ಗೆ ತಂದ 2 ಲೀಟರಿನ ಟೇಬಲ್‌ಟಾಪ್ ವೆಟ್ ಗ್ರೈಂಡರ್ ಇದು. ಕೊಯಮತ್ತೂರಿನಲ್ಲಿ ತಯಾರಾದದ್ದು. ಸ್ಟೀಲ್ ಡ್ರಮ್, ಒಳಗೆ ಎರಡು ಕಲ್ಲು, ಕೆಳಗೆ 150 ವಾಟಿನ ಮೋಟಾರು, ಬೆಲ್ಟಿನಲ್ಲಿ ತಿರುಗುತ್ತದೆ. ಕೊಯಮತ್ತೂರಿನ ವೆಟ್ ಗ್ರೈಂಡರಿಗೆ ಜಿಐ ಟ್ಯಾಗ್ (ಒಂದು ಊರಿನ ವಿಶೇಷ ವಸ್ತುವಿಗೆ ಸಿಗುವ ಗುರುತು) ಕೂಡ ಇದೆ, ಅಲ್ಲಿ ಇದನ್ನು ಮಾಡುವ ಕಂಪನಿಗಳು ಬಹಳ. ನಾನು ಬರೆಯುವುದರಲ್ಲಿ ಹೆಚ್ಚಿನದು ಬೆಲ್ಟ್ ಇರುವ ಯಾವ ಗ್ರೈಂಡರಿಗೂ ಹೊಂದುತ್ತದೆ, ಹಾಗಾಗಿ ಕಂಪನಿ ಹೆಸರು ಬೇಡ.

"ಮಿಕ್ಸಿ ಇದೆಯಲ್ವಾ, ಅಷ್ಟು ಭಾರ ಹೊತ್ತು ತರಬೇಕಾ?" ಅಂತ ಇಲ್ಲಿನ ಗೆಳತಿಯರು ಕೇಳುತ್ತಾರೆ. ವಾರಕ್ಕೊಮ್ಮೆಯಾದರೂ ಇಡ್ಲಿ, ದೋಸೆ, ಪತ್ತಿರ್ (ನಮ್ಮ ಅಕ್ಕಿ ರೊಟ್ಟಿ) ಮಾಡುವ, ಮಕ್ಕಳಿರುವ ಮನೆಯಾದರೆ ಖಂಡಿತ ತರಬೇಕು. ಬರೀ ನೀರ್ ದೋಸೆಗಾದರೆ ಮಿಕ್ಸಿ ಸಾಕು. ಆದರೆ ಉದ್ದಿನ ಬೇಳೆ ಹತ್ತಿಯ ಹಾಗೆ ಉಬ್ಬಬೇಕಾದರೆ ಕಲ್ಲೇ ಬೇಕು. ಅದೇ ಅಕ್ಕಿ, ಅದೇ ಬೇಳೆಯಲ್ಲಿ ಗ್ರೈಂಡರಿನ ಹಿಟ್ಟು ಜಾಸ್ತಿ ಬರುತ್ತದೆ. ಇಡ್ಲಿ ಮಧ್ಯಾಹ್ನ ಟಿಫಿನ್ ತೆರೆಯುವ ಹೊತ್ತಿಗೂ ಮೆತ್ತಗಿರುತ್ತದೆ. ಬೆಳಕು ಹರಿಯುವ ಹೊತ್ತಿಗೆ ಸ್ಕೂಲ್ ಬಸ್ ಹತ್ತುವ ಮಕ್ಕಳ ತಾಯಿಗೆ ಇದೇ ದೊಡ್ಡ ವಿಷಯ.

ಸೌದಿಯಲ್ಲಿ ಇರುವವರು ಮೊದಲು ನೋಡಬೇಕಾದದ್ದು ಕರೆಂಟು. ನಮ್ಮ ಕಟ್ಟಡ ಹಳೆಯದು. ಅಡುಗೆಮನೆಯ ಒಂದು ಗೋಡೆಯಲ್ಲಿ 110 ಲೈನ್, ಇನ್ನೊಂದರಲ್ಲಿ 220 ಲೈನ್. ಇಲ್ಲಿ ಎಲ್ಲರೂ 110 ಅಂತಲೇ ಹೇಳುವುದು, ನಿಜಕ್ಕೂ ಅದು 127 ವೋಲ್ಟ್. ಊರಿನ ಗ್ರೈಂಡರ್ 230 ವೋಲ್ಟಿನದು. 110ರ ಸಾಕೆಟ್ಟಿಗೆ ಹಾಕಿದರೆ ಕಲ್ಲು ತಿರುಗದೆ ಮೋಟಾರು ಸುಮ್ನೆ ಗುಂಯ್‌ಗುಟ್ಟುತ್ತದೆ. ಹಾಗೇ ಬಿಟ್ಟರೆ ಸುಟ್ಟೂ ಹೋಗಬಹುದು. ಎಲೆಕ್ಟ್ರಿಷಿಯನ್ ಬಳಿ ಟೆಸ್ಟ್ ಮಾಡಿಸಿ, ಸರಿಯಾದ ಸಾಕೆಟ್ಟಿನ ಮೇಲೆ ಸ್ಟಿಕ್ಕರ್ ಅಂಟಿಸಿ ಇಡಿ. ಊರಿನ ದುಂಡು ಪಿನ್ನಿಗೆ ಅಡಾಪ್ಟರ್ ಸಿಕ್ಕಿಸುವ ಬದಲು ಇಲ್ಲಿನ ಚೌಕ ಪಿನ್ನಿನ ಫ್ಯೂಸ್ ಇರುವ ಪ್ಲಗ್ಗನ್ನೇ ಹಾಕಿಸಿದರೆ ನೆಮ್ಮದಿ.

ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. ಭಾರತದಲ್ಲಿ ಕರೆಂಟು 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಆವರ್ತ. ದುಬೈ, ಕತಾರ್, ಒಮಾನ್, ಕುವೈತ್, ಬಹರೈನಿನಲ್ಲೂ 50. ಸೌದಿಯಲ್ಲಿ ಮಾತ್ರ 60. ಇಂಥ ಮೋಟಾರಿನ ವೇಗ ಈ ಹರ್ಟ್ಸಿನ ಮೇಲೆ ನಿಂತಿರುವುದರಿಂದ ಇಲ್ಲಿ ಕಲ್ಲು ಊರಿಗಿಂತ ಸುಮಾರು ಐದರಲ್ಲಿ ಒಂದು ಪಾಲು ಜೋರಾಗಿ ತಿರುಗುತ್ತದೆ. ಹಿಟ್ಟು ಬೇಗ ಆಗುತ್ತದೆ, ಆದರೆ ಬೇಗ ಬಿಸಿಯೂ ಆಗುತ್ತದೆ. ಊರಲ್ಲಿ ಉಮ್ಮ ಉದ್ದಿಗೆ ಅರ್ಧ ಗಂಟೆ ಬಿಡುತ್ತಾರೆ. ನಾನು ಇಪ್ಪತ್ತು ನಿಮಿಷಕ್ಕೇ ಮುಟ್ಟಿ ನೋಡುತ್ತೇನೆ. ಒಂದು ಚೂರು ಹಿಟ್ಟನ್ನು ನೀರಿಗೆ ಬಿಟ್ಟಾಗ ತೇಲಿದರೆ ಆಯಿತು.

ಬಿಸಿಯ ಕಥೆ ಇಷ್ಟಕ್ಕೇ ಮುಗಿಯುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ನಲ್ಲಿ ತಿರುಗಿಸಿದರೆ ಬರುವುದು ಟೆರೇಸಿನ ಟ್ಯಾಂಕಿಯಲ್ಲಿ ಕಾದ ನೀರು, ಕೈ ಇಡಲಾಗದಷ್ಟು. ಅದರಲ್ಲಿ ಅಕ್ಕಿ ನೆನೆಸಿದರೆ ವಾಸನೆ, ಅರೆದರೆ ಹಿಟ್ಟು ಹುಳಿ. ನಾನು ಅಕ್ಕಿ, ಬೇಳೆಯನ್ನು ಕುಡಿಯುವ ಕ್ಯಾನ್ ನೀರಲ್ಲಿ ನೆನೆಸಿ ಫ್ರಿಜ್ಜಿನಲ್ಲೇ ಇಡುತ್ತೇನೆ. ಅರೆಯುವಾಗ ಹಾಕುವುದು ಐಸ್ ನೀರು. ಫ್ರೀಜರಿನ ಕಾಯಿತುರಿಯನ್ನು ಪೂರ್ತಿ ಕರಗಿಸದೆ ಹಾಗೇ ಹಾಕುತ್ತೇನೆ, ಅದರ ತಂಪೂ ಕೆಲಸಕ್ಕೆ ಬರುತ್ತದೆ. ಗುರುವಾರ ರಾತ್ರಿಯ ಇಶಾ ನಮಾಜ್ ಆದ ಮೇಲೆ ಅರೆದು, ಶುಕ್ರವಾರ ಬೆಳಿಗ್ಗೆಗೆ ಇಡ್ಲಿ. ಬೇಸಿಗೆಯಲ್ಲಿ ಎಸಿ ಇಲ್ಲದ ಅಡುಗೆಮನೆಯಲ್ಲಿ ಇಟ್ಟರೆ ನಾಲ್ಕೈದು ಗಂಟೆಯಲ್ಲೇ ಉಕ್ಕಿ ಬರುತ್ತದೆ, ಆದ್ದರಿಂದ ಮಲಗುವ ಮೊದಲು ಫ್ರಿಜ್ಜಿಗೆ. ಜನವರಿಯ ಚಳಿಯಲ್ಲಿ ತದ್ವಿರುದ್ಧ. ಓವನ್ನಿನ ಲೈಟು ಮಾತ್ರ ಹಾಕಿ ಒಳಗಿಟ್ಟರೆ ಬೆಳಗಾಗುವಷ್ಟರಲ್ಲಿ ಹುದುಗಿರುತ್ತದೆ.

ಈ ಗ್ರೈಂಡರಿನ ನಿಜವಾದ ಪರೀಕ್ಷೆ ನೋಂಬಿನ ತಿಂಗಳು, ಅಂದರೆ ಉಪವಾಸದ ರಂಝಾನ್. ಇಫ್ತಾರಿಗೆ ನಮ್ಮ ಬ್ಯಾರಿ ಮನೆಗಳಲ್ಲಿ ಎಣ್ಣೆಯಲ್ಲಿ ಕರಿದ ನೈಪತ್ತಿರ್ ಬೇಕೇ ಬೇಕು, ಜೊತೆಗೆ ಕೋಳಿಯೋ ಮಟನ್ನೋ. ಕುಚ್ಚಲಕ್ಕಿಯನ್ನು ಬಿಸಿನೀರಲ್ಲಿ ನೆನೆಸಿ, ಕಾಯಿತುರಿ, ಈರುಳ್ಳಿ, ಜೀರಿಗೆ, ಬಡೆಸೋಂಪು ಹಾಕಿ ತರಿತರಿಯಾಗಿ, ಗಟ್ಟಿಯಾಗಿ ಅರೆಯಬೇಕು. ಗಟ್ಟಿ ಹಿಟ್ಟೆಂದರೆ ಈ ಗ್ರೈಂಡರಿಗೆ ಕಷ್ಟ. ಒಂದೇ ಸಲ ಎಲ್ಲ ಸುರಿದರೆ ಕಲ್ಲು ನಿಲ್ಲುತ್ತದೆ, ಬೆಲ್ಟು ಜಾರುತ್ತದೆ, ರಬ್ಬರ್ ವಾಸನೆ ಬರುತ್ತದೆ. ಹಾಗಾಗಿ ಅರ್ಧ ಅಕ್ಕಿ ಹಾಕಿ, ಚಮಚದಲ್ಲಿ ನೀರು ಚಿಮುಕಿಸುತ್ತಾ ಮರದ ಸೌಟಿನಿಂದ ಬದಿಯ ಹಿಟ್ಟನ್ನು ಒಳಗೆ ದೂಡುತ್ತೇನೆ. ಅಕ್ಕಿ ಒಡೆದ ಮೇಲೆ ಉಳಿದದ್ದು. ಈರುಳ್ಳಿ ಕೊನೆಗೆ, ಏಕೆಂದರೆ ಅದು ತಾನೇ ನೀರು ಬಿಡುತ್ತದೆ. ಬೆರಳಲ್ಲಿ ಉಜ್ಜಿದರೆ ಸಣ್ಣ ರವೆಯಷ್ಟು ತರಿ ಸಿಗಬೇಕು, ಆಗ ನಿಲ್ಲಿಸುವುದು. ಸ್ವಲ್ಪ ಸಡಿಲವಾದರೆ ಒಂದು ಹಿಡಿ ಅಕ್ಕಿ ಹಿಟ್ಟು ಸೇರಿಸಿ ಕಲಸುತ್ತೇನೆ. ಎಣ್ಣೆಗೆ ಬಿಟ್ಟಾಗ ಪೂರಿಯ ಹಾಗೆ ಉಬ್ಬುತ್ತದೆ, ಅಂಚು ಗರಿಗರಿ, ನಡುವೆ ಮೆತ್ತಗೆ. ಮಿಕ್ಸಿಯಲ್ಲಿ ಇದನ್ನು ಅರೆಯಲು ನೀರು ಜಾಸ್ತಿ ಬೇಕು, ಆಮೇಲೆ ಪತ್ತಿರ್ ಎಣ್ಣೆ ಕುಡಿಯುತ್ತದೆ.

ನೋಂಬಿನಲ್ಲಿ ರುಚಿ ನೋಡಿ ಉಪ್ಪು ಹಾಕುವ ಹಾಗಿಲ್ಲ ನನಗೆ. ಎಲ್ಲವೂ ಅಳತೆಯ ಮೇಲೆ. ಹಿಟ್ಟು ಪ್ರತಿ ದಿನ ಒಂದೇ ಹದಕ್ಕೆ ಬಂದರೆ ಉಪ್ಪಿನ ಅಳತೆಯೂ ತಪ್ಪುವುದಿಲ್ಲ. ಲುಹರ್ (ಮಧ್ಯಾಹ್ನದ ನಮಾಜ್) ಆದ ಮೇಲೆ ನೆನೆದ ಅಕ್ಕಿ ಹಾಕಿ ಸ್ವಿಚ್ ಒತ್ತಿದರೆ, ನಡುವೆ ಒಮ್ಮೊಮ್ಮೆ ಎದ್ದು ದೂಡಿದರೂ, ಖುರ್‌ಆನ್ ಓದಲು ಹೊತ್ತು ಸಿಗುತ್ತದೆ. ಕೆಲಸದವರಿಲ್ಲದ ಮನೆಯಲ್ಲಿ ಇಷ್ಟು ಹೊತ್ತು ಸಿಗುವುದು ದೊಡ್ಡ ಬರ್ಕತ್ತು, ಅಲ್ಹಮ್ದುಲಿಲ್ಲಾಹ್. ನನ್ನ ಗಂಡನಿಗೂ ರಂಝಾನಿನಲ್ಲಿ ಡ್ಯೂಟಿ ಕಡಿಮೆ. ಇಲ್ಲಿನ ಕಾನೂನಿನಲ್ಲಿ ಮುಸ್ಲಿಂ ಕೆಲಸಗಾರರಿಗೆ ಆ ತಿಂಗಳು ದಿನಕ್ಕೆ 6 ಗಂಟೆ. ಹಾಗಾಗಿ ಕಲ್ಲು ತೊಳೆಯುವ ಕೆಲಸ ಇವರದ್ದು. ಪತ್ತಿರಿನ ತಟ್ಟೆ ಎದುರು ಮನೆಯ ಈಜಿಪ್ಟಿನವರಿಗೆ ಹೋಗುತ್ತದೆ, ಮರುದಿನ ಅದೇ ತಟ್ಟೆಯಲ್ಲಿ ಅವರ ಸಿಹಿ ತಿಂಡಿ ಕತಾಯೆಫ್ ಬರುತ್ತದೆ. ಇಲ್ಲೇ ಹುಟ್ಟಿದ ನನ್ನ ಮಗಳಿಗೆ ಈಗ ಎರಡೂ ಮನೆಯ ತಿಂಡಿಯೇ.

ತೊಂದರೆಗಳೂ ಇವೆ. ಬೆಲ್ಟು ಎರಡು ನೋಂಬಿನ ನಂತರ ಸಡಿಲವಾಯಿತು. ವಾರಂಟಿ ಕಾರ್ಡಿನಲ್ಲಿ ಭಾರತದೊಳಗೆ ಮಾತ್ರ ಅಂತ ಇತ್ತು. ಇಲ್ಲಿನ ರಿಪೇರಿ ಅಂಗಡಿಯಲ್ಲಿ ಆ ಅಳತೆಯ ಬೆಲ್ಟು ಸಿಗಲಿಲ್ಲ. ಊರಿಂದ ಬರುವವರ ಕೈಯಲ್ಲಿ ತರಿಸುವವರೆಗೆ ಮಿಕ್ಸಿಯೇ ಗತಿ. ಗಲ್ಫಿಗೆ ಎಂದು ಮಾರುವ ಅಂಗಡಿಯವರು ಒಂದು ಬೆಲ್ಟನ್ನು ಡಬ್ಬದೊಳಗೇ ಹಾಕಿಕೊಡಬಾರದೇ? ಇದು ನನಗೆ ಇಂದಿಗೂ ಬೇಸರ. ಕಲ್ಲು ಮತ್ತು ಅದರ ಪ್ಲಾಸ್ಟಿಕ್ ಹಿಡಿಕೆಯ ನಡುವೆ ಹಿಟ್ಟು ಕೂರುತ್ತದೆ. ಹಳೆ ಟೂತ್‌ಬ್ರಷ್‌ನಿಂದ ತಿಕ್ಕಿ ಪೂರ್ತಿ ಒಣಗಿಸದಿದ್ದರೆ ವಾಸನೆ ಬರುತ್ತದೆ, ಜಿರಳೆಯೂ ಬರುತ್ತದೆ. ಜೊತೆಗೆ ಬಂದ ಕಾಯಿ ತುರಿಯುವ ಭಾಗ ನಮಗೆ ಉಪಯೋಗವಿಲ್ಲ, ಇಲ್ಲಿ ಫ್ರೀಜರಿನ ತುರಿ ಎಲ್ಲೆಡೆ ಸಿಗುತ್ತದೆ. ಚಪಾತಿ ಹಿಟ್ಟು ಕಲಸುವ ಭಾಗ ಪರವಾಗಿಲ್ಲ. ಶಬ್ದ ಮಿಕ್ಸಿಗಿಂತ ಎಷ್ಟೋ ಕಡಿಮೆ, ಕೆಳಗೆ ದಪ್ಪ ಟವೆಲ್ ಹಾಸಿದರೆ ಮಲಗಿದ ಮಗುವೂ ಏಳುವುದಿಲ್ಲ.

ಗಂಡ ಹೆಂಡತಿ ಇಬ್ಬರೇ ಇದ್ದು, ತಿಂಗಳಿಗೊಮ್ಮೆ ಇಡ್ಲಿ ಮಾಡುವವರಾದರೆ ಬೇಡ. ಅಂಗಡಿಯಲ್ಲಿ ಸಿಗುವ ರೆಡಿ ಹಿಟ್ಟು ಸಾಕು. ಊರಿಂದ ತರುವುದಾದರೆ ಬ್ಯಾಗೇಜಿನಲ್ಲಿ ಹತ್ತು ಕಿಲೋಗಿಂತ ಮೇಲೆ ಇದಕ್ಕೇ ಹೋಗುತ್ತದೆ ಅಂತ ಲೆಕ್ಕ ಹಾಕಿಕೊಳ್ಳಿ. ಕಲ್ಲುಗಳನ್ನು ಡ್ರಮ್ಮಿನಿಂದ ತೆಗೆದು ಬೇರೆ ಬೇರೆ ಟವೆಲಿನಲ್ಲಿ ಸುತ್ತಿ, ಖಾಲಿ ಡ್ರಮ್ಮಿನೊಳಗೆ ಮಕ್ಕಳ ಬಟ್ಟೆ ತುರುಕಿ. ಹೊರಡುವ ಮೊದಲು ಅಂಗಡಿಯಲ್ಲೇ ಎರಡು ಬೆಲ್ಟು ಜಾಸ್ತಿ ಕೇಳಿ ತೆಗೆದುಕೊಳ್ಳಿ.